‘ಯಾರು ಮಾಡುವುದು’ ಎಂಬ ಕಾಲಂ: ಗಂಗಾವತಿಯ ಒಬ್ಬ ಗುಮಾಸ್ತರ ಗುರಿಪಟ್ಟಿಯ ಪ್ರಕರಣ ಅಧ್ಯಯನ

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಇಪ್ಪತ್ತೊಂದು ವರ್ಷಗಳಿಂದ ಗುಮಾಸ್ತರಾಗಿರುವ, ನಲವತ್ತಾರರ ವಯಸ್ಸಿನ ನಮ್ಮ ನೆರೆಮನೆಯವರು 2024ರ ಜೂನ್ ತಿಂಗಳ ಒಂದು ಸಂಜೆ ಲ್ಯಾಬಿನ ಚೀಟಿಯೊಂದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಸಕ್ಕರೆ ಕಾಯಿಲೆ ಅವರಿಗೆ ಹೊಸದಲ್ಲ, ಐದು ವರ್ಷದ ಹಳೆಯದು. ಚೀಟಿಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಕೆಲವು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಹೇಳುವ ಅಂಕಿ, ಶೇ 9.4 ಎಂದಿತ್ತು. ಅದನ್ನು 7ರ ಆಸುಪಾಸಿಗೆ ತರಬೇಕೆಂದು ವೈದ್ಯರು, ಕಣ್ಣು ಮತ್ತು ಮೂತ್ರಪಿಂಡದ ಮಾತೆತ್ತಿ, ಸ್ವಲ್ಪ ಗಡುಸಾಗಿಯೇ ಹೇಳಿ ಕಳಿಸಿದ್ದರು. “ಪ್ರತಿ ಸಲ ಕೈಲಾದಷ್ಟು ಮಾಡ್ತೀನ್ರಿ ಅಂತ ಹೇಳಿ ಬರ್ತೀನ್ರಿ ಸರ, ಮನಿಗೆ ಬಂದ ಮ್ಯಾಲ ಯಾವ್ದೂ ಆಗಂಗಿಲ್ಲ” ಎಂದು ಅವರು ಕುರ್ಚಿಯ ತುದಿಯಲ್ಲಿ ಕುಳಿತರು.

ನಾನು ಕಾಲೇಜಿನಲ್ಲಿ ನಿರ್ವಹಣಾಶಾಸ್ತ್ರ ಪಾಠ ಮಾಡುವವನು. ಗುರಿ ನಿಗದಿಯ ವಿಧಾನಗಳನ್ನು ಹದಿನೈದು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ್ದೇನೆ, ಆದರೆ ಒಂದು ಮನೆಯ ಅಡುಗೆಮನೆಯವರೆಗೆ ಒಯ್ದು ನೋಡಿದ್ದಿಲ್ಲ. ಮಾತ್ರೆ, ಪಥ್ಯದ ಪ್ರಮಾಣ ಎರಡೂ ವೈದ್ಯರಿಗೆ ಬಿಟ್ಟದ್ದು. ಅವರು ಹೇಳಿದ್ದನ್ನು ದಿನದ ಬದುಕಿಗೆ ಇಳಿಸುವ ಕೆಲಸವನ್ನು ಮಾತ್ರ ನಾವಿಬ್ಬರೂ ಕೈಗೆತ್ತಿಕೊಂಡೆವು. ಮುಂದಿನ ಹತ್ತು ತಿಂಗಳಲ್ಲಿ ನಡೆದದ್ದನ್ನು ಗುಮಾಸ್ತರ ಮತ್ತು ಅವರ ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಇಲ್ಲಿ ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ಗುಮಾಸ್ತರ ದಿನ ಬೆಳಿಗ್ಗೆ ಏಳೂವರೆಗೆ ಮಿಲ್ಲಿನ ವೇಬ್ರಿಡ್ಜ್ ಪಕ್ಕದ ಕೋಣೆಯಲ್ಲಿ ಆರಂಭವಾಗುತ್ತದೆ. ಭತ್ತದ ಲಾರಿ ಬಂದರೆ ತೂಕ ಹಾಕಿಸುವುದು, ಚೀಲಕ್ಕೆ ಬಂಬು ಚುಚ್ಚಿ ಸ್ಯಾಂಪಲ್ ತೆಗೆಯುವುದು, ತೇವಾಂಶ ನೋಡುವುದು, ಹಮಾಲರಿಗೆ ಚೀಟಿ ಕೊಡುವುದು, ಲಾರಿ ಖಾಲಿಯಾದ ಮೇಲೆ ಮತ್ತೆ ತೂಕ ಹಾಕಿಸಿ ಲೆಕ್ಕ ಬರೆಯುವುದು ಅವರ ಕೆಲಸ. ಕೇಳಲು ಓಡಾಟದ ಕೆಲಸವೆನಿಸಿದರೂ ಹನ್ನೆರಡು ತಾಸಿನಲ್ಲಿ ಹತ್ತು ತಾಸು ಅವರು ಕುಳಿತೇ ಇರುತ್ತಾರೆ. ಹತ್ತು ಗಂಟೆಗೆ ಮಿಲ್ಲಿನ ಗೇಟಿನೆದುರು ಮಂಡಕ್ಕಿ ಒಗ್ಗರಣಿ, ಜೊತೆಗೆ ಎರಡು ಮಿರ್ಚಿ. ಮಧ್ಯಾಹ್ನ ಕ್ಯಾರಿಯರ್‌ನಲ್ಲಿ ಬಂದ ಅನ್ನ, ಸಾರು. ರಾತ್ರಿ ಒಂಬತ್ತೂವರೆಗೆ ಮತ್ತೆ ಅನ್ನ. ಇವುಗಳ ನಡುವೆ ಚಹಾ. ಒಂದು ದಿನ ಎಣಿಸಲು ಹೇಳಿದಾಗ ಏಳು ಗ್ಲಾಸಾಯಿತು, ಅದರಲ್ಲಿ ನಾಲ್ಕು ಅವರು ತರಿಸಿದ್ದಲ್ಲ, ದಲಾಲರೂ ಲಾರಿ ಡ್ರೈವರುಗಳೂ ತರಿಸಿದ್ದು.

ಅನ್ನದ ಈ ಊಟ ಈ ಸೀಮೆಗೆ ಬಹಳ ಹಳೆಯದೇನಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯ ಬರುವ ಮೊದಲು ಇದು ಮಳೆಯನ್ನು ನಂಬಿದ ಜೋಳದ ನಾಡು. ಎಡದಂಡೆ ಕಾಲುವೆಯ ನೀರು, ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರ ಭತ್ತದ ಬೇಸಾಯ, ಅದರ ಹಿಂದೆ ಬಂದ ಮಿಲ್ಲುಗಳು, ಇವೆಲ್ಲ ಸೇರಿ ಗಂಗಾವತಿಯನ್ನು ಭತ್ತದ ಕಣಜವೆಂದು ಕರೆಯಿಸಿದವು. ಗುಮಾಸ್ತರ ಅಜ್ಜ ಹಬ್ಬಕ್ಕೊಮ್ಮೆ ಅನ್ನ ಉಂಡವರು. ಮೊಮ್ಮಗ ದಿನಕ್ಕೆರಡು ಸಲ ಸೋನಾ ಮಸೂರಿ ಉಣ್ಣುತ್ತಾರೆ, ಅದೂ ಮಿಲ್ಲಿನವರೆಂದು ರಿಯಾಯಿತಿ ದರದಲ್ಲಿ ಸಿಗುವ ಅಕ್ಕಿ. ರಾತ್ರಿಯ ಅನ್ನ ಬಿಡಿ ಎಂದು ವೈದ್ಯರು ಹೇಳುವುದು ಅರ್ಧ ನಿಮಿಷದ ಮಾತು. ಆದರೆ ಆ ಅನ್ನದ ಹಿಂದೆ ಒಂದು ಮನೆಯ ಎಪ್ಪತ್ತು ವರ್ಷದ ರೂಢಿಯಿದೆ.

ಮೊದಲ ಹಾಳೆ

ಜೂನ್ ನಡುವಿನಲ್ಲಿ ನಾನು ಬರೆದ ಹಾಳೆ ಪಾಠದ ಪ್ರಕಾರ ನಿರ್ದೋಷವಾಗಿತ್ತು. ಕೈಲಾದಷ್ಟು ಮಾಡುತ್ತೇನೆ ಎನ್ನುವವರಿಗಿಂತ ನಿರ್ದಿಷ್ಟವಾದ, ಸ್ವಲ್ಪ ಕಷ್ಟದ ಗುರಿಯನ್ನು ಒಪ್ಪಿಕೊಂಡವರು ಹೆಚ್ಚು ಸಾಧಿಸುತ್ತಾರೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವಿನ್ ಲಾಕ್ 1968ರಲ್ಲಿಯೇ ಮಂಡಿಸಿದ್ದರು. ಆಮೇಲೆ ಗ್ಯಾರಿ ಲೇಥಮ್ ಅವರೊಡನೆ ಸೇರಿ ದಶಕಗಳ ಕಾಲ ಅದನ್ನು ಬೆಳೆಸಿದರು. ಹಾಗೆ ಗುರಿ ಬರೆಯಲು ಎಲ್ಲೆಡೆ ಬಳಕೆಯಲ್ಲಿರುವ ಅಚ್ಚು, ಐದು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದ ‘ಸ್ಮಾರ್ಟ್’ (SMART): ಗುರಿ ನಿರ್ದಿಷ್ಟವಾಗಿರಬೇಕು, ಅಳೆಯಲು ಬರಬೇಕು, ಸಾಧಿಸಲು ಆಗುವಂತಿರಬೇಕು, ವಾಸ್ತವಕ್ಕೆ ಹೊಂದಬೇಕು, ಅದಕ್ಕೊಂದು ಗಡುವಿರಬೇಕು. ಅದರಂತೆ, ಸೆಪ್ಟೆಂಬರ್ ಮುಗಿಯುವುದರೊಳಗೆ ಎಚ್‌ಬಿಎ1ಸಿಯನ್ನು 9.4ರಿಂದ 8ಕ್ಕೆ ಇಳಿಸುವುದು. ವಾರಕ್ಕೆ ಐದು ದಿನ ಬೆಳಿಗ್ಗೆ ಅರ್ಧ ತಾಸು ನಡೆಯುವುದು, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ 150 ನಿಮಿಷ. ಏಳು ಗ್ಲಾಸು ಚಹಾವನ್ನು ಎರಡಕ್ಕೆ ತಂದು ಸಕ್ಕರೆ ಬಿಡುವುದು. ರಾತ್ರಿ ಅನ್ನದ ಬದಲು ಎರಡು ಜೋಳದ ರೊಟ್ಟಿ ಮತ್ತು ಪಲ್ಯ. ಜೋಳವೇನೂ ಔಷಧವಲ್ಲ, ಅದರಲ್ಲಿಯೂ ಪಿಷ್ಟವೇ ಹೆಚ್ಚು. ಆದರೆ ಪಾಲಿಶ್ ಮಾಡಿದ ಅಕ್ಕಿಗಿಂತ ನಾರು ಹೆಚ್ಚು, ಅದಕ್ಕಿಂತ ಮುಖ್ಯವಾಗಿ ರೊಟ್ಟಿಯನ್ನು ಎಣಿಸಬಹುದು, ಅನ್ನವನ್ನು ಯಾರೂ ಎಣಿಸಿ ಬಡಿಸುವುದಿಲ್ಲ.

ಅಳತೆಯ ವಿಷಯವನ್ನು ಗುಮಾಸ್ತರಿಗೆ ವಿವರಿಸುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಆ ಗಳಿಗೆಯ ಲೆಕ್ಕ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುವುದರಿಂದ ಎಚ್‌ಬಿಎ1ಸಿ ಎಂಬುದು ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಲೆಕ್ಕ ಎಂದೆ. ಅವರು ಕೂಡಲೇ, “ಹಂಗಾರ ಒಂದು ಹಲ್ಲಾಗ ಕಡದು ನೋಡಿದಂಗ, ಇನ್ನೊಂದು ಮೀಟರ್ ಹಚ್ಚಿದಂಗ” ಎಂದರು. ಸರ್ಕಾರದ ಖರೀದಿಗೆ ಭತ್ತದ ತೇವಾಂಶ ಶೇ 17 ದಾಟಬಾರದು. ಅನುಭವಸ್ಥರು ಕಾಳನ್ನು ಹಲ್ಲಿನಲ್ಲಿ ಕಡಿದ ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಹೇಳುತ್ತಾರೆ, ಆದರೆ ಜಗಳ ಬಂದಾಗ ಮಾತಾಡುವುದು ಮೀಟರ್. ಅಳೆಯದೆ ಒಂದು ಚೀಲವನ್ನೂ ಒಳಗೆ ಬಿಡದ ಮನುಷ್ಯ ತನ್ನ ಊಟವನ್ನು ಐದು ವರ್ಷ ಅಂದಾಜಿನಲ್ಲಿ ನಡೆಸಿದ್ದರು.

ಮೊದಲ ಎರಡು ವಾರ ಎಲ್ಲ ಸರಿಯಾಗಿಯೇ ಹೋಯಿತು. ಕ್ಯಾಲೆಂಡರಿನಲ್ಲಿ ನಡಿಗೆಗೆ ಒಂದು ಗೀಟು, ರೊಟ್ಟಿಗೆ ಒಂದು ಚುಕ್ಕಿ ಹಾಕುತ್ತಿದ್ದರು. ಜುಲೈನಲ್ಲಿ ಚುಕ್ಕಿಗಳು ತೆಳುವಾದವು. ಇಡೀ ತಿಂಗಳಿಗೆ ಒಂಬತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ನಾಟಿ ಮುಗಿಸಿದ ರೈತರು, ಮುಂಗಡ ಕೊಟ್ಟ ದಲಾಲರು, ಮಿಲ್ ಮಾಲೀಕರು ಎಲ್ಲರೂ ಜಲಾಶಯ ಖಾಲಿಯಾದರೆ ಬೆಳೆಯ ಗತಿಯೇನೆಂದು ಕಂಗಾಲಾದ ದಿನಗಳವು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸುವವರೆಗೆ ಗುಮಾಸ್ತರ ಫೋನು ಬೆಳಗಿನ ಐದರಿಂದ ಬಡಿದುಕೊಳ್ಳುತ್ತಿತ್ತು. ಆ ಗಡಿಬಿಡಿಯಲ್ಲಿ ನಿಂತ ನಡಿಗೆ ನೀರು ನಿಂತ ಮೇಲೂ ಮರಳಿ ಶುರುವಾಗಲಿಲ್ಲ. ಹೀಗಾದರೆ ಏನು ಮಾಡುವುದು ಎಂಬ ಒಂದು ಸಾಲೂ ನನ್ನ ಹಾಳೆಯಲ್ಲಿರಲಿಲ್ಲ. ಸೆಪ್ಟೆಂಬರ್ ಕೊನೆಯ ಪರೀಕ್ಷೆಯಲ್ಲಿ 9.1 ಬಂತು.

ತಪ್ಪು ಎಲ್ಲಿತ್ತು

ಗೇಟು ಮುರಿದದ್ದರ ಮೇಲೆ ಎಲ್ಲವನ್ನೂ ಹಾಕಿ ನಾನು ಸುಮ್ಮನಾಗಬಹುದಿತ್ತು. ಆದರೆ ಜುಲೈನ ಒಂಬತ್ತು ಚುಕ್ಕಿಗಳಿಗೂ ಆಗಸ್ಟಿನ ಗೇಟಿಗೂ ಸಂಬಂಧವಿಲ್ಲ. ಅಕ್ಟೋಬರ್ ಮೊದಲ ಭಾನುವಾರ ಅವರ ಮನೆಗೆ ಹೋಗಿ, ಹಾಳೆಯನ್ನು ಮುಂದಿಟ್ಟುಕೊಂಡು, ರಾತ್ರಿಯ ರೊಟ್ಟಿ ಯಾಕೆ ತಪ್ಪಿತು ಎಂದು ಕೇಳಿದೆ. ಗುಮಾಸ್ತರು ಕೆಲಸದ ಒತ್ತಡ ಎಂದೇನೋ ಹೇಳುತ್ತಿರುವಾಗ, ಬ್ಲೌಸಿಗೆ ಹುಕ್ಕು ಹಚ್ಚುತ್ತ ಕುಳಿತಿದ್ದ ಅವರ ಮನೆಯವರು ತಲೆಯೆತ್ತದೆ ಹೇಳಿದರು: “ಹಾಳ್ಯಾಗ ಬರದ ಹೋದ್ರಿ ಸರ, ರೊಟ್ಟಿ ಯಾರು ಬಡೀಬೇಕು ಅಂತ ಬರದಿಲ್ಲಲ್ರಿ.”

ಐದು ಜನರ ಮನೆ. ಗಂಡ ಹೆಂಡತಿ, ಗುಮಾಸ್ತರ ತಾಯಿ, ಕಾಲೇಜಿಗೆ ಹೋಗುವ ಮಗಳು, ಹತ್ತನೆಯ ತರಗತಿಯ ಮಗ. ಒಬ್ಬರಿಗಷ್ಟೇ ಎರಡು ರೊಟ್ಟಿ ಬಡಿದು ಉಳಿದವರಿಗೆ ಅನ್ನ ಬೇಯಿಸಿದರೆ ಅಡುಗೆ ಎರಡಾಗುತ್ತದೆ. ಎಲ್ಲರಿಗೂ ರೊಟ್ಟಿಯೆಂದರೆ ಹನ್ನೆರಡು ರೊಟ್ಟಿ. ಬಿಸಿನೀರಿಗೆ ಹಿಟ್ಟು ಹಾಕಿ, ಕೈ ಸುಡುತ್ತಿರುವಾಗಲೇ ನಾದಿ, ಒಂದೊಂದಾಗಿ ಬಡಿದು, ಹಂಚಿನ ಮೇಲೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ ಬೇಯಿಸುವಷ್ಟರಲ್ಲಿ ಒಂದು ತಾಸು ಹೋಗುತ್ತದೆ. ಕುಕ್ಕರಿನ ಅನ್ನಕ್ಕೆ ಇಪ್ಪತ್ತು ನಿಮಿಷ. ಆ ತಾಸಿನಲ್ಲಿ ಆಕೆ ಒಂದು ಬ್ಲೌಸ್ ಮುಗಿಸುತ್ತಾರೆ, ಅದರ ಮಜೂರಿ ಮನೆಗೆ ಬರುತ್ತದೆ. ಗುಮಾಸ್ತರ ‘ವೈಯಕ್ತಿಕ ಗುರಿ’ಯ ಖರ್ಚನ್ನು ನಾವಿಬ್ಬರು ಗಂಡಸರು ಕೂಡಿ ಆಕೆಯ ಲೆಕ್ಕಕ್ಕೆ ಬರೆದಿದ್ದೆವು, ಆಕೆಯನ್ನು ಕೇಳದೆ.

ಮನೆಗೆ ಬಂದು ಪಾಠದ ಟಿಪ್ಪಣಿ ತೆರೆದಾಗ ನನಗೆ ಇನ್ನಷ್ಟು ನಾಚಿಕೆಯಾಯಿತು. ಸ್ಮಾರ್ಟ್ ಎಂಬ ಅಚ್ಚನ್ನು 1981ರ ನವೆಂಬರಿನಲ್ಲಿ ಒಂದು ನಿರ್ವಹಣಾ ಪತ್ರಿಕೆಯಲ್ಲಿ ಮೊದಲು ಬರೆದ ಜಾರ್ಜ್ ಡೋರನ್ ‘ಎ’ ಅಕ್ಷರಕ್ಕೆ ಕೊಟ್ಟ ಅರ್ಥ ‘ಸಾಧಿಸಲು ಆಗುವಂಥದ್ದು’ ಎಂದಲ್ಲ. ‘ಇಂಥವರಿಗೆ ವಹಿಸಬಹುದಾದದ್ದು’ ಎಂದು. ಅಂದರೆ, ಯಾರು ಮಾಡುತ್ತಾರೆ ಎಂಬುದನ್ನು ಹೆಸರಿಸು ಎಂದು. ಕಂಪನಿಗಳ ಮೇಲ್ವಿಚಾರಕರಿಗಾಗಿ ಹುಟ್ಟಿದ ಅಚ್ಚು ವ್ಯಕ್ತಿಗಳ ಸ್ವಂತ ಗುರಿಗಳಿಗೆ ಬಳಕೆಯಾಗುತ್ತ ಬಂದ ಹಾಗೆ, ನನ್ನ ಗುರಿಯನ್ನು ಮಾಡುವವನು ನಾನೇ ತಾನೆ ಎಂಬ ಭಾವನೆಯಿಂದಲೋ ಏನೋ, ಆ ಪ್ರಶ್ನೆ ಜಾರಿ ಅದರ ಜಾಗದಲ್ಲಿ ಬೇರೆ ಪದ ಕುಳಿತುಬಿಟ್ಟಿದೆ. ‘ಸಾಧಿಸಲು ಆಗುವಂಥದ್ದು’, ‘ವಾಸ್ತವಕ್ಕೆ ಹೊಂದುವಂಥದ್ದು’ ಎರಡೂ ಹೆಚ್ಚುಕಡಿಮೆ ಒಂದೇ ಮಾತು ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಿದ್ದರು. ನಾನು ಪ್ರತಿ ವರ್ಷ ಏನೋ ಒಂದು ವ್ಯತ್ಯಾಸ ಹೊಸೆದು ಹೇಳುತ್ತಿದ್ದೆ. ಮೂಲದಲ್ಲಿ ಆ ಗೊಂದಲವೇ ಇರಲಿಲ್ಲ.

ಎರಡನೆಯ ಹಾಳೆ

ಎರಡನೆಯ ಹಾಳೆಯನ್ನು ನಾನು ಬರೆಯಲಿಲ್ಲ. ಗುಮಾಸ್ತರ ಮಗಳು ಲಾಂಗ್ ನೋಟ್‌ಬುಕ್ಕಿನ ನಡುವಿನ ಹಾಳೆ ಹರಿದು ಕಾಲಂ ಹಾಕಿದಳು, ಮೊದಲ ಕಾಲಂ ‘ಯಾರು’. ಎಚ್‌ಬಿಎ1ಸಿಯ ಅಂಕಿಯನ್ನು, ಜನವರಿ ಕೊನೆಗೆ 8, ಹಾಳೆಯ ನೆತ್ತಿಯಲ್ಲಿ ಸಣ್ಣದಾಗಿ ಬರೆದು, ಕೆಳಗೆ ದಿನದ ಕೆಲಸಗಳನ್ನಷ್ಟೇ ಇಟ್ಟುಕೊಂಡೆವು. ಮೂರು ತಿಂಗಳಿಗೊಮ್ಮೆ ಬರುವ ಅಂಕಿ ಯಾವ ಸಾಲು ತಪ್ಪಿತು ಎಂದು ಹೇಳಲಾರದು.

ರೊಟ್ಟಿಯ ಸಾಲಿನ ಮೇಲೆ ಚರ್ಚೆ ಬಹಳ ಹೊತ್ತು ನಡೆಯಿತು. ವಾರಕ್ಕೆ ಮೂರು ರಾತ್ರಿ ಬಿಸಿರೊಟ್ಟಿ ಬಡಿಯಲು ಮನೆಯವರು ಒಪ್ಪಿದರು, ಎಲ್ಲರೂ ಅದನ್ನೇ ಉಣ್ಣಬೇಕೆಂಬ ಷರತ್ತಿನ ಮೇಲೆ. ಮಗ ಮುಖ ಸಿಂಡರಿಸಿದ. ಅವನ ಅಜ್ಜಿಗೆ ಮಾತ್ರ ಖುಷಿಯಾಯಿತು. ಉಳಿದ ನಾಲ್ಕು ರಾತ್ರಿಗೆ ಎರಡು ಓಣಿ ಆಚೆ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವವರಿಂದ ಭಾನುವಾರ ಕಟ್ಟು ತರುವುದು ಗುಮಾಸ್ತರ ಕೆಲಸ, ಅದರ ದುಡ್ಡು ಅವರ ಚಹಾ-ಮಿರ್ಚಿಯ ಖರ್ಚಿನಲ್ಲಿ ಕಡಿತ. ಹೀಗೆ ‘ಯಾರು’ ಎಂಬ ಕಾಲಮಿನಲ್ಲಿ ಒಂದೇ ರೊಟ್ಟಿಗೆ ಮೂರು ಹೆಸರು ಬಿದ್ದವು.

ಚಹಾದ ಸಾಲಿನಲ್ಲಿ ಬಿದ್ದದ್ದು ಮನೆಯ ಹೊರಗಿನವನ ಹೆಸರು. ದಲಾಲ ತರಿಸಿದ ಚಹಾವನ್ನು ಬೇಡವೆಂದರೆ ಅದು ಚಹಾಕ್ಕೆ ನಿಲ್ಲುವುದಿಲ್ಲ, ಮನಸ್ಸಿಗೆ ತಾಗುತ್ತದೆ. ಎರಡೇ ಗ್ಲಾಸು ಎಂಬ ನನ್ನ ಮೊದಲ ಸಾಲು ಸೋತದ್ದು ಅಲ್ಲಿಯೇ. ಈಗ ಗೇಟಿನ ಚಹಾದ ಅಂಗಡಿಯವನಿಗೇ ಹೇಳಿ, ಯಾರೇ ತರಿಸಲಿ, ಗುಮಾಸ್ತರ ಗ್ಲಾಸು ಸಕ್ಕರೆ ಇಲ್ಲದ್ದು, ಅರ್ಧವೇ ತುಂಬಿದ್ದು ಎಂದು ಗೊತ್ತುಮಾಡಿಕೊಳ್ಳಲಾಯಿತು. ಅವನು ಆ ಗ್ಲಾಸಿಗೆ ಒಂದು ಕೆಂಪು ರಬ್ಬರ್ ಹಾಕಿ ಗುರುತು ಮಾಡಿದ. ಗ್ಲಾಸುಗಳ ಎಣಿಕೆ ಐದಕ್ಕಿಂತ ಕೆಳಗೆ ಎಂದೂ ಇಳಿಯಲಿಲ್ಲ, ಆದರೆ ಸಕ್ಕರೆ ಹೋಯಿತು.

ನಡಿಗೆಯ ವಿಷಯದಲ್ಲಿ ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಹೇಳುವ ‘ಹೀಗಾದರೆ ಹಾಗೆ’ ಎಂಬ ಯೋಜನೆಯನ್ನು ಬಳಸಿದೆವು. ನಡೆಯುತ್ತೇನೆ ಎಂದು ಸಂಕಲ್ಪ ಮಾಡುವುದಕ್ಕಿಂತ, ಇಂಥದ್ದು ಕಣ್ಣಿಗೆ ಬಿದ್ದ ಕೂಡಲೇ ಇಂಥದ್ದನ್ನು ಮಾಡುತ್ತೇನೆ ಎಂದು ಸಂದರ್ಭಕ್ಕೂ ಕ್ರಿಯೆಗೂ ಮೊದಲೇ ಗಂಟು ಹಾಕಿಟ್ಟರೆ ಆ ಹೊತ್ತಿನಲ್ಲಿ ಮತ್ತೆ ಯೋಚಿಸಬೇಕಾಗಿಲ್ಲ. ಬೆಳಗಿನ ನಡಿಗೆಗೆ ಕೊಯ್ಲಿನ ಸೀಜನ್ ಬಂದರೆ ಉಳಿಗಾಲವಿಲ್ಲ ಎಂದು ಗುಮಾಸ್ತರಿಗೆ ಗೊತ್ತಿತ್ತು. ನವೆಂಬರಿನಿಂದ ಲಾರಿಗಳು ರಾತ್ರಿಯೇ ಬಂದು ಸಾಲು ನಿಲ್ಲುತ್ತವೆ. ಅವರೇ ಇದಕ್ಕೊಂದು ದಾರಿ ಕಂಡುಕೊಂಡರು. ತುಂಬಿದ ಲಾರಿಯ ತೂಕಕ್ಕೂ ಖಾಲಿ ಲಾರಿಯ ತೂಕಕ್ಕೂ ನಡುವೆ ಹಮಾಲರು ಚೀಲ ಇಳಿಸುವ ಮುಕ್ಕಾಲು ತಾಸು ಅವರಿಗೆ ಬಿಡುವು, ಆವರೆಗೆ ಅದು ಮೊಬೈಲಿನಲ್ಲಿ ಕಳೆಯುತ್ತಿತ್ತು. ಹಾಳೆಯಲ್ಲಿ ಹೀಗೆ ಬಿತ್ತು: ‘ಹಮಾಲರ ಕೈಗೆ ಚೀಟಿ ಕೊಟ್ಟ ಕೂಡಲೇ, ಕುರ್ಚಿಗೆ ಹೋಗದೆ, ಗೋದಾಮಿಗೆ ಎರಡು ಸುತ್ತು.’ ಎರಡು ಸುತ್ತಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ದಿನಕ್ಕೆ ಮೂರು ಲಾರಿ ಬಂದರೆ ಅರ್ಧ ತಾಸು. ಸೀಜನ್ನಿನಲ್ಲಿ ಎಂಟು ಲಾರಿ ಬಂದ ದಿನ ಎಂಬತ್ತು ನಿಮಿಷ. ಮೊದಲ ಹಾಳೆಯನ್ನು ಮುರಿಯಬಹುದಾಗಿದ್ದ ಸೀಜನ್ನೇ ಎರಡನೆಯ ಹಾಳೆಯನ್ನು ನಡೆಸಿತು.

ಹಾಳೆಯಲ್ಲಿ ಇರಬೇಕಾಗಿದ್ದು ಇಲ್ಲದೆ ಹೋದ ಒಂದು ಸಾಲು ಡಿಸೆಂಬರಿನಲ್ಲಿ ಬಯಲಾಯಿತು. ಒಂದು ಮಧ್ಯಾಹ್ನ ಲಾರಿಗಳ ಮೇಲೆ ಲಾರಿ ಬಂದು ಊಟ ಮೂರೂವರೆಯಾದರೂ ಆಗಿರಲಿಲ್ಲ. ಐದನೆಯ ಲಾರಿಯ ಸುತ್ತು ಹಾಕುತ್ತಿದ್ದ ಗುಮಾಸ್ತರಿಗೆ ಕೈ ನಡುಗಿ, ಬೆವರು ಬಿಟ್ಟು, ಚೀಟಿಯ ಅಂಕಿಗಳು ಮಸುಕಾದವು. ಡ್ರಾಯರಿನಲ್ಲಿದ್ದ ಗ್ಲುಕೋಮೀಟರ್ 64 ತೋರಿಸಿತು. 70ಕ್ಕಿಂತ ಕೆಳಗೆ ಹೋದರೆ ಅದು ಸಕ್ಕರೆ ತೀರ ಇಳಿದ ಸ್ಥಿತಿ. ಚಹಾದ ಹುಡುಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟ. ಕಾಲು ತಾಸಿನಲ್ಲಿ ಸುಧಾರಿಸಿತು. ಅವರು ತೆಗೆದುಕೊಳ್ಳುತ್ತಿದ್ದ ಎರಡು ಮಾತ್ರೆಗಳಲ್ಲಿ ಒಂದು ಗ್ಲಿಮಿಪಿರೈಡ್, ಊಟ ತಪ್ಪಿದಾಗ ಸಕ್ಕರೆಯನ್ನು ಹೀಗೆ ಇಳಿಸಿಬಿಡುವ ಜಾತಿಯದು. ಮರುದಿನ ವೈದ್ಯರು ಅದರ ಪ್ರಮಾಣ ತಗ್ಗಿಸಿ, ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸುವ ಮೊದಲು ತಮಗೊಂದು ಮಾತು ಹೇಳಬೇಕಿತ್ತೆಂದು ನಮ್ಮಿಬ್ಬರಿಗೂ ಸೇರಿಯೇ ಬೈದರು. ಬೈಗುಳ ನ್ಯಾಯವಾದದ್ದೇ. ಎಲ್ಲಿಯವರೆಗೆ ಓಡಬೇಕು ಎಂದು ಬರೆಯುವಾಗ ಎಲ್ಲಿ ನಿಲ್ಲಬೇಕು ಎಂದೂ ಬರೆಯಬೇಕೆಂಬುದು ನನಗೆ ಹೊಳೆದಿರಲಿಲ್ಲ. ಅಂದೇ ಸಂಜೆ ಮಗಳು ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಸೇರಿಸಿದಳು: ‘ಎರಡು ಗಂಟೆಯಾದರೆ, ಲಾರಿ ನಿಂತಿರಲಿ, ಮೊದಲು ಊಟ.’ ಅದರ ಮುಂದಿನ ‘ಯಾರು’ ಕಾಲಮಿನಲ್ಲಿ ಹಮಾಲರ ಮೇಸ್ತ್ರಿಯ ಹೆಸರಿದೆ. ಎರಡು ಗಂಟೆಗೆ ಬಂದು ಗುಮಾಸ್ತರನ್ನು ಎಬ್ಬಿಸುವುದು ಆತನ ಪಾಲಿನ ಕೆಲಸ.

ಫಲಿತಾಂಶ ಮತ್ತು ಆಮೇಲಿನದು

2025ರ ಜನವರಿ ಕೊನೆಯಲ್ಲಿ ಎಚ್‌ಬಿಎ1ಸಿ 7.9 ಬಂತು. ಸಂಕ್ರಾಂತಿಯ ಮಾದಲಿ, ಎಳ್ಳು-ಬೆಲ್ಲ, ಒಂದು ಮದುವೆಯ ಊಟ ಎಲ್ಲವನ್ನೂ ಒಳಗೊಂಡೇ ಬಂದ ಅಂಕಿಯದು. ಇದರಲ್ಲಿ ರೊಟ್ಟಿಯ ಪಾಲೆಷ್ಟು, ಸಕ್ಕರೆ ಬಿಟ್ಟ ಚಹಾದ ಪಾಲೆಷ್ಟು, ಗೋದಾಮಿನ ಸುತ್ತುಗಳ ಪಾಲೆಷ್ಟು ಎಂದು ಬಿಡಿಸಿ ಹೇಳಲು ಒಬ್ಬ ಮನುಷ್ಯನ ಪ್ರಕರಣದಿಂದ ಸಾಧ್ಯವಿಲ್ಲ. ಹಾಳೆಯ ಗುರುತುಗಳ ಪ್ರಕಾರ ಅತಿ ಕಡಿಮೆ ತಪ್ಪಿದ ಸಾಲು ಚಹಾದ್ದು. ಅದು ಗುಮಾಸ್ತರ ಮನೋಬಲವನ್ನು ಒಂದಿಷ್ಟೂ ಕೇಳದ ಸಾಲು ಎಂಬುದನ್ನು ಗಮನಿಸಬೇಕು. ಕೆಂಪು ರಬ್ಬರಿನ ಗ್ಲಾಸು ತಾನಾಗಿ ಬರುತ್ತಿತ್ತು, ಅವರು ಕುಡಿಯುತ್ತಿದ್ದರು.

ಏಪ್ರಿಲ್ ಕೊನೆಯ ಪರೀಕ್ಷೆಯಲ್ಲಿ ಅದು 8.2ಕ್ಕೆ ಏರಿತು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಫೆಬ್ರುವರಿಯಿಂದ ಭತ್ತದ ಲಾರಿಗಳು ದಿನಕ್ಕೊಂದು, ಕೆಲವು ದಿನ ಒಂದೂ ಇಲ್ಲ. ಲಾರಿಗೆ ಕಟ್ಟಿದ ನಡಿಗೆ ಲಾರಿಯ ಜೊತೆಗೇ ಹೊರಟುಹೋಗಿತ್ತು. ಸಂದರ್ಭಕ್ಕೆ ಗಂಟು ಹಾಕಿದ ಕ್ರಿಯೆ ಗಟ್ಟಿ ನಿಜ, ಆದರೆ ಆ ಸಂದರ್ಭವೇ ಋತುಮಾನದ್ದಾದರೆ ಎರಡನೆಯ ಗಂಟೊಂದನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ವಿಧಾನದ ಪಾಠದಲ್ಲಿ ನಾನು ಈಗ ಇದನ್ನು ಸೇರಿಸಿ ಹೇಳುತ್ತೇನೆ.

ಮೂರನೆಯ ಹಾಳೆ ಮೇ ಮೊದಲ ವಾರ ತಯಾರಾಯಿತು. ಮಿಲ್ಲಿನಲ್ಲಿ ಬಿಡುವಿರುವ ತಿಂಗಳುಗಳಲ್ಲಿ ಸೋಮವಾರ ಮತ್ತು ಗುರುವಾರದ ರೊಟ್ಟಿಯನ್ನು ತಾವೇ ಬಡಿಯುವುದಾಗಿ ಗುಮಾಸ್ತರು ಹೇಳಿದರು. ಒಂದು ಸೋಮವಾರ ಬಡಿದೂ ನೋಡಿದರು. ಹಂಚಿಗೆ ಹಾಕುವಷ್ಟರಲ್ಲಿ ಮೂರು ರೊಟ್ಟಿ ಹರಿದವು, ಹಿಟ್ಟು ಕಟ್ಟೆಯ ತುಂಬ ಚೆಲ್ಲಿತು. ಮನೆಯವರು ಹಂಚನ್ನು ವಾಪಸು ತೆಗೆದುಕೊಂಡು, ಅವರ ಹೆಸರನ್ನು ಆ ಸಾಲಿನಿಂದ ಹೊಡೆದುಹಾಕಿಸಿದರು. ಅದರ ಬದಲಿಗೆ ರೊಟ್ಟಿಯ ರಾತ್ರಿಗಳಲ್ಲಿ ಪಾತ್ರೆ ತೊಳೆಯುವುದು, ಹಾಗೂ ವಾರಕ್ಕೆರಡು ಸಲ ಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಕೊಂಡು ಬರುವುದು ಅವರ ಪಾಲಿಗೆ ಬಂತು. ಗಿರಣಿ ಒಂದೂವರೆ ಕಿಲೋಮೀಟರ್ ದೂರ. ಗಾಡಿ ತೆಗೆಯಬಾರದು ಎಂದು ಮಗಳು ಅದೇ ಸಾಲಿನ ಕೆಳಗೆ ಬರೆದಿದ್ದಾಳೆ. ಮುಂದಿನ ಪರೀಕ್ಷೆ ಆಗಸ್ಟಿಗೆ.